ರಟ್ಟಿನೊಳಗೆ ಉಳಿದ ನಾಲ್ಕು ಚೀಟಿ

ನಲವತ್ತು ವರ್ಷ ಹಳೆ ಕಾಗದದ ಅಂಗಡಿ ನಡೆಸಿದ್ದೇನೆ. ನಾನು ತೂಗಿದ ಕಾಗದವನ್ನೆಲ್ಲ ಉದ್ದಕ್ಕೆ ಹಾಸಿದರೆ ಚಂದ್ರನಿಗೆ ನಡೆದು ಹೋಗಿ ಊಟದ ಹೊತ್ತಿಗೆ ವಾಪಸು ಬರಬಹುದು. ಮೂಟೆ ಬಿಚ್ಚುವ ಮುಂಚೆಯೇ ಅದರಲ್ಲಿ ಬೆಲೆಯುಳ್ಳದ್ದು ಯಾವುದೆಂದು ಈ ಮೂಗು ಹೇಳಿಬಿಡುತ್ತದೆ. ಒಂದು ಸಲವೂ ತಪ್ಪಿಲ್ಲ.

ನಮ್ಮ ಬೀದಿಯ ಬೈಂಡರಮ್ಮ ಇದನ್ನು ಕೇಳಿ ನಗುತ್ತಿದ್ದಳು. ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವಳ ಕೆಲಸ. ಅವಳು ಹೊಲಿದ ಪುಸ್ತಕವನ್ನು ಎರಡು ಆನೆ ಹಿಡಿದು ಎಳೆದರೂ ಹಾಳೆ ಬಿಡುತ್ತಿರಲಿಲ್ಲ. ಮೂವತ್ತೊಂದು ವರ್ಷ ಅವಳೂ ಟೆಲಿಫೋನ್ ಆಪರೇಟರಮ್ಮನೂ ಒಂದೇ ಕೋಣೆಯಲ್ಲಿದ್ದರು. ಒಬ್ಬಳು ಏಣಿ, ಇನ್ನೊಬ್ಬಳು ಕುಂಬಳಕಾಯಿ. ಆದರೂ ಬೀದಿ ಅವರನ್ನು ಅಕ್ಕತಂಗಿ ಅಂದಿತು. ನಿಜ ಎಲ್ಲರಿಗೂ ಗೊತ್ತಿತ್ತು, ನನಗೂ. ಗೊತ್ತಿಲ್ಲದವರ ಹಾಗೆ ಇರುವುದೇ ದೊಡ್ಡತನ ಅಂದುಕೊಂಡಿದ್ದೆವು.

ಆಪರೇಟರಮ್ಮ ತೀರಿಕೊಂಡ ಐದನೇ ದಿನ, ಬೈಂಡರಮ್ಮ ಕೆಲಸಕ್ಕೆ ಹೋಗಿದ್ದಾಗ, ಸತ್ತವಳ ಅಣ್ಣ ಬಂದು ಕೋಣೆ ಖಾಲಿ ಮಾಡಿಸಿದ. ಪತ್ರ, ದಿನಚರಿ, ಫೋಟೋ ಸೇರಿ ಮೂರು ಮೂಟೆ ನನ್ನ ತಕ್ಕಡಿಗೆ ಬಂತು.

"ಬೇಗ ಸಾಗಹಾಕಿ ಯಜಮಾನ್ರೇ. ನಾಲ್ಕು ಜನ ನೋಡೋ ಅಂಥದ್ದಲ್ಲ," ಅಂದ ಅಣ್ಣ.

ಒಂದು ಮೂಟೆಯ ಬಾಯಲ್ಲಿ ಇಬ್ಬರ ಫೋಟೋ ಇಣುಕುತ್ತಿತ್ತು. ಒಳಕ್ಕೆ ತಳ್ಳಿ ಬಾಯಿ ಹೊಲಿದೆ. ಸಂಜೆಯ ಲಾರಿಯಲ್ಲಿ ಎಲ್ಲ ಕಾಗದ ಅರೆಯುವ ಕಾರ್ಖಾನೆಗೆ ಹೋಯಿತು.

ಮರುದಿನ ಬೆಳಿಗ್ಗೆ ಬೈಂಡರಮ್ಮ ಬಂದಳು. "ಎಲ್ಲಣ್ಣಾ?"

"ಹೋಯ್ತಮ್ಮ."

"ಒಂದು ದಿನ ಇಟ್ಕೊಳ್ಳೋಕೆ ಜಾಗ ಇರ್ಲಿಲ್ವಾ?"

"ಬರೀ ಹಳೆ ಕಾಗದ ಅಂದ್ಕೊಂಡೆ."

ಆಮೇಲೆ ಆರು ವರ್ಷ ನನ್ನ ಜೊತೆ ಮಾತಿಲ್ಲ.

ಕಳೆದ ತಿಂಗಳು ಇಬ್ಬರು ಹುಡುಗಿಯರನ್ನು ಕರೆದುಕೊಂಡು ಬಂದಳು. ಹೆಣ್ಣನ್ನು ಪ್ರೀತಿಸಿ ಬಾಳಿದ ಹೆಂಗಸರ ಕಾಗದಪತ್ರಗಳನ್ನು ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕೂಡಿಡುವವರು ಅವರು.

"ಗ್ರಂಥಾಲಯದ ಹಳೆ ಪುಸ್ತಕ ನಿಮ್ಗೇ ಮಾರಿದ್ರಂತೆ. ರಟ್ಟುಗಳೆಲ್ಲಿ?" ಕೇಳಿದಳು ಬೈಂಡರಮ್ಮ.

ಬಟ್ಟೆ ಹೊದಿಸಿದ ರಟ್ಟು ಕಾರ್ಖಾನೆಗೆ ಬೇಡ. ಕಿತ್ತು ಲಾಂಡ್ರಿಯವನ ಒಲೆಗೆ ಕೊಡುತ್ತಿದ್ದೆ. ಹಿತ್ತಿಲಲ್ಲಿ ಒಂಬತ್ತು ಉಳಿದಿದ್ದವು. ಬೈಂಡರಮ್ಮ ಅವುಗಳ ಒಳಮೈಗೆ ಒದ್ದೆ ಬಟ್ಟೆ ಹಾಕಿ, ಕಾದು, ಅಂಟಿಸಿದ್ದ ಹಾಳೆಯನ್ನು ಬ್ಲೇಡಿನಿಂದ ಎಬ್ಬಿಸಿದಳು. ಒಂದರ ಅಡಿಯಲ್ಲಿ, ಅಂಟಿನೊಳಗೆ, ಆಪರೇಟರಮ್ಮನ ಕೈಬರಹದ ಚೀಟಿ. ಹುಡುಗಿಯರಲ್ಲಿ ಒಬ್ಬಳು ಓದಿದಳು:

"ಇವತ್ತು ರಾತ್ರಿ ಪಾಳಿ. ನನ್ನ ದಿಂಬು ಅಪ್ಪಿಕೊಂಡು ಮಲಗಬೇಡ, ಆಮೇಲೆ ಅದಕ್ಕೂ ನನಗೂ ಜಗಳ. ಓದಿ ಹರಿದು ಹಾಕು."

"ಪ್ರತಿ ಚೀಟಿಲೂ ಹರಿದು ಹಾಕು ಅಂತಿದ್ಳು, ಹೆದರುಪುಕ್ಕಲಿ," ಬೈಂಡರಮ್ಮ ಬ್ಲೇಡು ಒರೆಸುತ್ತ ಹೇಳಿದಳು. "ಹರಿಯೋಕೆ ನಂಗೆ ಕೈ ಬರ್ಲಿಲ್ಲ. ಹಾಳೆ ಜೋಡಿಸೋಳು ನಾನು. ರಟ್ಟಿಗೆ ಸೇರಿಸ್ದೆ. ಗ್ರಂಥಾಲಯದಲ್ಲಿ ಯಾರು ಕೀಳ್ತಾರೆ ಅಂದ್ಕೊಂಡೆ."

ಒಂಬತ್ತರಲ್ಲಿ ನಾಲ್ಕರೊಳಗೆ ಚೀಟಿ ಸಿಕ್ಕಿತು. ಒಲೆಗೆ ಹೋದ ರಟ್ಟುಗಳು ಮುನ್ನೂರಕ್ಕೆ ಕಡಿಮೆಯಿಲ್ಲ. ಊರಿನವರ ಅಂಗಿಗಳಿಗೆಲ್ಲ ಇಸ್ತ್ರಿ ಆಗಿದ್ದು ಆ ಬೆಂಕಿಯಲ್ಲೇ.

ಹುಡುಗಿ ತನ್ನ ಪುಸ್ತಕ ತೆಗೆದು ಕೇಳಿದಳು, "ಕೊಟ್ಟವರು ಅಂತ ಯಾರ ಹೆಸರು ಬರೀಲಿ?"

ನಾನು ಗಂಟಲು ಸರಿಮಾಡಿಕೊಂಡೆ. "ನಂದೇ ಬರ್ಕೊಳ್ಳಮ್ಮ. ನನ್ನ ಹಿತ್ತಿಲಲ್ಲಿ ತಾನೇ ಸಿಕ್ಕಿದ್ದು."

"ಬರ್ಕೊ," ಅಂದಳು ಬೈಂಡರಮ್ಮ, ಚೀಟಿಗಳ ಮೇಲಿನ ಕಣ್ಣು ತೆಗೆಯದೆ. "ಈ ನಾಲ್ಕಕ್ಕೆ ಬೇಡ. ಹೋದ ಮೂರು ಮೂಟೆಗೆ ಬರ್ಕೊ."