ಸೋಫಾದ ಬೆಲೆಗೆ ಬಂದ ಆಟ

ಕೋಲ್ಕತ್ತದ ಕಸ್ಬಾದ ಮಾಲ್‌ನಲ್ಲಿ, ಗೇಮ್ ಅಂಗಡಿಯ ಟಿವಿ ಮುಂದೆ ನಿಂತಿದ್ದ ನನ್ನ ಅತ್ತೆ ಪರದೆಯ ಟೆನಿಸ್ ಚೆಂಡಿಗೆ ಬರಿಗೈ ಬೀಸಿದರು. ತಿಂಗಳುಗಳಿಂದ ಭುಜ ಬಿಗಿದುಕೊಂಡು, ತಲೆ ಬಾಚಲೂ ಮೇಲೇಳದಿದ್ದ ಕೈ ಅದು. ತಲೆಗಿಂತ ಎತ್ತರಕ್ಕೆ ಹೋಗಿತ್ತು!

ಬ್ಯಾಂಕಿನವರಾದ ನನ್ನ ಯಜಮಾನರಿಗೆ ಅದು ಕಾಣಲೇ ಇಲ್ಲ. ಮಗಳಿಗೆ ಕೊಡಿಸಲು ಎರಡು ಗೇಮ್ ಸೆಟ್‌ಗಳನ್ನು ಹೋಲಿಸುತ್ತಿದ್ದರು. “ಅದು ಅಗ್ಗ, ಆದ್ರೆ ರಿಮೋಟ್ ಒಬ್ಬೊಬ್ಬರಿಗೆ ಒಂದೊಂದು ತಗೊಳ್ಬೇಕು. ಇದಕ್ಕೆ ರಿಮೋಟ್ ಬೇಡ, ಕ್ಯಾಮೆರಾನೇ ನಮ್ಮ ಕೈಕಾಲು ನೋಡ್ತದೆ, ಆದ್ರೆ ಕುಣಿಲಿಕ್ಕೆ ಜಾಗ ಬೇಕು. ನಮ್ಮ ಹಾಲ್‌ನಲ್ಲಿ ಜಾಗ ಎಲ್ಲುಂಟು?”

“ಆ ಸೋಫಾ ಯಾರಿಗಾದ್ರೂ ಕೊಟ್ಟುಬಿಡು ಮಾರಾಯ,” ಎಂದ ಅತ್ತೆ ಮತ್ತೊಮ್ಮೆ ಕೈ ಬೀಸಿದರು.

ಈಗ ನಮ್ಮಲ್ಲಿಗೆ ಬಂದವರು ಚಾಪೆಯ ಮೇಲೆ ಕೂರುತ್ತಾರೆ. ಬೆಳಿಗ್ಗೆ ನಾನು ಬಾಚಣಿಗೆ ಹಿಡಿದು ಹೋಗುವಷ್ಟರಲ್ಲಿ ಅತ್ತೆ ತಮ್ಮ ಜಡೆ ತಾವೇ ಹೆಣೆದು ಮುಗಿಸಿರುತ್ತಾರೆ.