ಗಂಜಿ ಹಾಕಿದ ರೆಕ್ಕೆ

ಮನುಷ್ಯನಿಗೆ ರೆಕ್ಕೆ ಕೊಡದೆ ಕಳಿಸಿದ್ದರಲ್ಲಿ ಸೃಷ್ಟಿಕರ್ತನಿಗೆ ಏನೋ ಗಹನವಾದ ಉದ್ದೇಶವಿದ್ದಿರಬೇಕು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ರೆಕ್ಕೆಗೆ ಬಟ್ಟೆ ಹುಡುಕಿಕೊಂಡು ಹೊರಟರೆ ಆ ಉದ್ದೇಶ ಬೇಗನೆ ತಿಳಿಯುತ್ತದೆ: ಅಪ್ಪಟ ಹತ್ತಿಯ ದಾಸ್ತಾನಿಲ್ಲ.

ರೆಕ್ಕೆ ಬೇಕಾಗಿದ್ದುದು ನನ್ನ ಗೆಳೆಯನಿಗೆ. ಜೆಪಿ ನಗರದಲ್ಲಿ ನನ್ನ ಪಕ್ಕದ ಮನೆಯಾತ. ಕೆಲಸದಲ್ಲಿದ್ದಷ್ಟು ಕಾಲವೂ ವಿಮಾನದ ಬಾಗಿಲಿನ ಕೀಲುಗಳ ನಕ್ಷೆ ಬರೆದ ಎಂಜಿನಿಯರ್. ಬಾಗಿಲು ದಾಟಿ ಒಳಕ್ಕೆ ಅವನನ್ನು ಯಾರೂ ಬಿಟ್ಟುಕೊಂಡಿರಲಿಲ್ಲ. ನಿವೃತ್ತನಾದ ಮೇಲೆ, ಸೈಕಲ್ ಅಂಗಡಿಯ ಅಣ್ಣತಮ್ಮಂದಿರು ಜಗತ್ತಿನಲ್ಲೇ ಮೊಟ್ಟಮೊದಲು ಹಾರಿಸಿದ ಎಂಜಿನ್ ವಿಮಾನವನ್ನು ಮರದಲ್ಲಿ, ಬಟ್ಟೆಯಲ್ಲಿ, ಇದ್ದದ್ದು ಇದ್ದ ಹಾಗೆ ಮತ್ತೆ ಕಟ್ಟಬೇಕು, ಅವರ ಹಾಗೆಯೇ ಅದರ ಮೇಲೆ ಬೋರಲು ಮಲಗಿ ಒಂದು ಸಲ, ಒಂದೇ ಒಂದಡಿ, ನೆಲ ಬಿಟ್ಟು ಏಳಬೇಕು ಎಂದು ತೀರ್ಮಾನಿಸಿದ. ಆ ವಯಸ್ಸಿನಲ್ಲಿ ಉಳಿದವರು ಕಾಶಿಗೆ ಹೋಗುತ್ತಾರೆ.

ಕೊನೆಗೊಂದು ಅಂಗಡಿಯಲ್ಲಿ ಪಂಚೆಯ ಬಟ್ಟೆ ಸಿಕ್ಕಿತು.

“ಇಷ್ಟೊಂದಾ? ಮದುವೇನಾ ಸಾರ್?”

“ವಿಮಾನ.”

ಅಂಗಡಿಯಾತ ಕ್ಷಣ ಯೋಚಿಸಿ, “ಹಾಗಾದ್ರೆ ಬಾರ್ಡರ್ ಬೇಡ ಅಲ್ವಾ?” ಎಂದ.

ಹಳೆಯದನ್ನು ಹೊಸದಾಗಿ ಮಾಡುವುದಕ್ಕಿಂತ ಹೊಸದನ್ನು ಹಳೆಯದರಷ್ಟು ಕೆಟ್ಟದಾಗಿ ಮಾಡುವುದು ಕಷ್ಟ ಎಂಬುದು ಆಮೇಲೆ ಅರಿವಾಯಿತು. ಅಷ್ಟೇ ಶಕ್ತಿಯ ಇಂದಿನ ಎಂಜಿನ್ ತೂಕದಲ್ಲಿ ಅರ್ಧವೂ ಇಲ್ಲ. ಅದನ್ನು ಕೂರಿಸಿದರೆ ತೂಕವೆಲ್ಲ ಏರುಪೇರು. ಸರಿದೂಗಿಸಲು ಪಕ್ಕದಲ್ಲಿ ಮರಳಿನ ಚೀಲ ಕಟ್ಟಿದೆವು. ಮನುಷ್ಯಕುಲದ ಪ್ರಗತಿಯನ್ನು ಮರಳು ಹಾಕಿ ರದ್ದು ಮಾಡಿದ ಹಾಗಾಯಿತು.

ಹಾರಿಸಲು ಜಾಗ ಕೊಟ್ಟವರು ಕೋಣನಕುಂಟೆಯ ಒಬ್ಬ ಜಮೀನಿನ ಮಾಲೀಕರು. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದರು, ಈಗ ಬಾಡಿಗೆ ಮನೆಗಳಿವೆ. ಮನೆಯ ಹಿಂದೆ ಉದ್ದಕ್ಕೆ ಒಂದು ಹೊಲ, ಕೊಟ್ಟಿಗೆಯಲ್ಲಿ ಒಂದು ಹಸು ಉಳಿದಿದ್ದವು. ಹೊಲವೂ ಬಿಲ್ಡರ್‌ಗೆ ಹೋಗಿತ್ತು.

“ವಿಜಯದಶಮಿ ದಿನ ಜೆಸಿಬಿ ಬರ್ತದೆ ಸಾರ್. ಅಷ್ಟರೊಳಗೆ ಹಾರ್ಕೊಂಡು ಹೋಗ್ಬಿಡಿ” ಎಂದರು ಮಾಲೀಕರು. ಮತ್ತೆ ಅನುಮಾನ ಬಂದು, “ಪೊಲೀಸ್ನೋರು ಬಂದ್ರೆ?” ಎಂದರು.

“ಒಂದಡಿ ಎದ್ರೆ ಅದು ಹಾರೋದಲ್ಲ, ಎಗರೋದು” ಎಂದ ಗೆಳೆಯ. “ಎಗರೋಕೆ ಲೈಸೆನ್ಸ್ ಬೇಡ.”

ಅಷ್ಟುದ್ದದ ಖಾಲಿ ನೆಲ ನಮ್ಮ ಕಡೆ ಇನ್ನೆಲ್ಲೂ ಇರಲಿಲ್ಲ. ಅಲ್ಲಿ ಆಗದಿದ್ದರೆ ಇಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ರೆಕ್ಕೆಗೆ ಹೊಲಿದ ಬಟ್ಟೆ ಜೋಲುಬಿತ್ತು. ಬಿಗಿಮಾಡುವ ಬಣ್ಣ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದು ಮೋಸ ಎಂದು ಅವನ ವಾದ. ಕಡೆಗೆ ನಮ್ಮ ಮನೆಗಳಲ್ಲಿ ಪಂಚೆಗೆ ಏನು ಮಾಡುತ್ತೇವೋ ಅದನ್ನೇ ಮಾಡಿದೆವು. ಮದುವೆ ಅಡುಗೆಯವರಿಂದ ತಂದ ಕೊಳಗದಲ್ಲಿ ಅಕ್ಕಿ ಗಂಜಿ ಕಾಯಿಸಿ ರೆಕ್ಕೆಗಳಿಗೆ ಬಳಿದೆವು. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ನುಡಿಯಿತು. ಅವನು ಬಹಳ ಹೊತ್ತು ತಟ್ಟುತ್ತಾ ನಿಂತಿದ್ದ.

ಆಯುಧ ಪೂಜೆಯ ಸಂಜೆ ಹಾರಿಸುವುದೆಂದಾಯಿತು. ಮಾಲೀಕರು ವಿಮಾನಕ್ಕೂ ಕುಂಕುಮವಿಟ್ಟು ಬೂದುಗುಂಬಳ ಒಡೆದರು. ನಿಂಬೆಹಣ್ಣು ಇಡಲು ಚಕ್ರ ಹುಡುಕಿದರು. ಅದಕ್ಕೆ ಚಕ್ರವೇ ಇಲ್ಲ, ಮರದ ಹಳಿಯ ಮೇಲೆ ಜಾರಿ ಏಳಬೇಕು. ಹಳಿಯ ಮೇಲೆಯೇ ಇಟ್ಟು ಒಳಗೆ ಊಟಕ್ಕೆ ಕರೆದರು. ಹೋಳಿಗೆ ಮುಗಿಸಿ ಹೊರಗೆ ಬಂದರೆ ಹಬ್ಬಕ್ಕೆಂದು ಮೈತೊಳೆದು ಬಿಟ್ಟಿದ್ದ ಹಸು ಎಡರೆಕ್ಕೆಯ ಗಂಜಿಯನ್ನು ನೆಕ್ಕಿ ಮುಗಿಸಿ, ಬಟ್ಟೆ ಮೆಲ್ಲುತ್ತಿತ್ತು. ಅದರ ಹಣೆಯಲ್ಲೂ ಕುಂಕುಮವಿತ್ತು; ಬೈಯುವ ಹಾಗಿರಲಿಲ್ಲ.

“ನೀವು ಗಂಜಿ ಇಟ್ಟಿದ್ದೀರ, ಅದು ತಿಂದಿದೆ” ಎಂದರು ಮಾಲೀಕರು ಮೆಲ್ಲಗೆ.

“ಇಟ್ಟಿದ್ದಲ್ಲ ಸ್ವಾಮಿ, ಬಳಿದಿದ್ದು” ಎಂದೆ ನಾನು.

“ಹಸೂಗೆ ಅದೆಲ್ಲ ಗೊತ್ತಾಗಲ್ಲ ಸಾರ್.”

ಗೆಳೆಯ ಹರಿದ ರೆಕ್ಕೆಯನ್ನು ನೋಡಿ, “ಅಷ್ಟು ಬಟ್ಟೆ ತಿಂದಿದೆಯಲ್ಲ, ಹೊಟ್ಟೆಗೇನೂ ಆಗಲ್ವಾ?” ಎಂದು ಕೇಳಿದ. ಮಾಲೀಕರು ಒಳಗೆ ಹೋಗಿ ತಮ್ಮ ಜರಿ ಪಂಚೆಗಳನ್ನು ತಂದುಕೊಟ್ಟರು. ಕತ್ತಲಾಗುವವರೆಗೆ ಹೊಲಿದೆವು. ಮತ್ತೆ ಗಂಜಿ ಕಾಯಿಸಿ ಬಳಿದೆವು. ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಿದರು. ಬೆಳಿಗ್ಗೆ ಮೋಡ. ಮುಟ್ಟಿದರೆ ಎಡರೆಕ್ಕೆ ಇನ್ನೂ ಒದ್ದೆಯಾಗಿಯೇ ಇತ್ತು.

“ಮಧ್ಯಾಹ್ನದವರೆಗೆ ಜೆಸಿಬಿ ತಡೀತೀನಿ ಸಾರ್, ಅದಕ್ಕಿಂತ ಆಗಲ್ಲ” ಎಂದರು ಮಾಲೀಕರು. ಕಾದೆವು. ಬಿಸಿಲು ಬರಲಿಲ್ಲ.

ಗೆಳೆಯ ಕನ್ನಡಕ ತೆಗೆದು ನನ್ನ ಕೈಗಿಟ್ಟು ಬೋರಲು ಮಲಗಿದ. ಹಿಂದಿನಿಂದ ಅವನ ಕಾಲುಚೀಲದ ತೂತು ಕಾಣುತ್ತಿತ್ತು. ಎಂಜಿನ್ ಹೊತ್ತಿಕೊಂಡಿತು, ವಿಮಾನವನ್ನು ತಡೆದು ಹಿಡಿದಿದ್ದ ಹಗ್ಗ ಬಿಟ್ಟೆ. ವಿಮಾನ ಹಳಿಯುದ್ದಕ್ಕೂ ನೆಟ್ಟಗೆ ಓಡಿತು. ಕೊನೆಯಲ್ಲಿ ಬಲರೆಕ್ಕೆ ಗಾಳಿಗೆ ಸಿಕ್ಕಿ ಮೇಲೆದ್ದಿತು. ಎಡಗಡೆ ಪಂಚೆ ಜೋತುಬಿದ್ದು, ರೆಕ್ಕೆಯ ತುದಿ ಮಣ್ಣಿಗೆ ತಾಗಿ, ಇಡೀ ವಿಮಾನ ಅರ್ಧ ಸುತ್ತು ತಿರುಗಿ ನಿಂತಿತು. ನಾನು ಓಡಿಹೋಗಿ ಎಂಜಿನ್ ಆರಿಸಿದೆ. ಅವನಿಗೆ ಪೆಟ್ಟಾಗಿರಲಿಲ್ಲ. ಮಲಗಿಯೇ ಇದ್ದ.

“ಎದ್ದಿತಾ?” ಎಂದ.

“ಬಲಗಡೆ ಎದ್ದಿತು.”

“ಎಡಗಡೆ?”

“ಇಲ್ಲ.”

ಅವನು ಕೈ ಚಾಚಿದ. ಕನ್ನಡಕ ಕೊಟ್ಟೆ. ಹಾಕಿಕೊಂಡು ಎದ್ದು ಕೂತು, ಮುಂದೆ ಉಳಿದಿದ್ದ ಹೊಲವನ್ನು ನೋಡಿದ. ಆಮೇಲೆ ಇಬ್ಬರೂ ಸೇರಿ ರೆಕ್ಕೆಗಳ ತಂತಿ ಬಿಚ್ಚತೊಡಗಿದೆವು.

ಮಧ್ಯಾಹ್ನ ಜೆಸಿಬಿ ಬಂತು. ವಿಮಾನ ಹಾರಲಿಲ್ಲ.