ಕೂತ್ಕೊಂಡು ಬೈಯಿರಿ

ನಾನು ಉಡುಪಿಯ ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಸೇರಿದ ಹೊಸತು. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಏನೇ ಆದರೂ ಕನ್ನಡಕ ಒರೆಸಿಕೊಂಡು, “ಎಂತ ಆಯ್ತು, ನಿಧಾನಕ್ಕೆ ಹೇಳಿ” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಕಾಪುವಿನ ಅಜ್ಜಿಯೊಬ್ಬರಿಗೆ ಡ್ರಿಪ್ ಹಾಕಲು ಹೋದೆ. ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಅಜ್ಜಿಯ ಮಗ ವಾರ್ಡಿಗೆಲ್ಲ ಕೇಳುವಂತೆ ಕೂಗಾಡಿದ. ಸಿಸ್ಟರ್ ಆತನಿಗೊಂದು ಕುರ್ಚಿ ತಂದಿಟ್ಟರು.

“ಇವಳನ್ನು ಕಳಿಸಿದ್ದು ನಾನು. ಬೈಯುವುದಿದ್ದರೆ ನನಗೆ ಬೈಯಿರಿ. ನಿಂತು ಎಂತಕ್ಕೆ, ಕೂತ್ಕೊಂಡು ಬೈಯಿರಿ.”

ಆತ ಕೂತ. ಬೈಗುಳದ ಬದಲು ಅಳು ಬಂತು. “ಅಮ್ಮ ನಿನ್ನೆಯಿಂದ ಮಾತಾಡ್ಲಿಲ್ಲ ಸಿಸ್ಟರ್.”

ಸಿಸ್ಟರ್ ನರ ಉಬ್ಬಲೆಂದು ಅಜ್ಜಿಯ ಕೈಗೆ ಬಿಸಿ ಬಟ್ಟೆ ಸುತ್ತಿ, ಸೂಜಿಯನ್ನು ನನಗೇ ಕೊಟ್ಟರು.

“ನೀವೇ ಹಾಕಿ ಸಿಸ್ಟರ್” ಎಂದೆ.

“ನಾನು ಇವರ ಹತ್ರ ಮಾತಾಡ್ಬೇಕು” ಎಂದು ನನಗೆ ಬೆನ್ನು ಹಾಕಿ ಮಗನ ಮುಂದೆ ಕೂತರು. ಒಮ್ಮೆಯೂ ತಿರುಗಿ ನೋಡಲಿಲ್ಲ. ನರ ಸಿಕ್ಕಿತು.